ಅಲೈಡಾ ತನ್ನ ಹೆಸರು ಕಾಪಾಡಿಕೊಂಡ ಬಗೆ

ಅಲೈಡಾಳ ಹತ್ತಿರ ಚೌಕಾಸಿ ನಡೆಯುವುದಿಲ್ಲ. ಮೊದಲ ಸಲ ಹೂ ಕೊಳ್ಳಲು ಹೋದಾಗ ನಾನು ಅಂಗಡಿಯವನ ಚಾಳಿಯಂತೆ, "ಇಷ್ಟೊಂದು ತಗೊಳ್ತಿದ್ದೀನಿ, ಸ್ವಲ್ಪ ನೋಡಿ ಹಾಕಿ" ಎಂದೆ. ಆಕೆ ನನ್ನ ಕೈಯಲ್ಲಿದ್ದ ಎರಡು ಬಕೆಟ್ಟುಗಳಲ್ಲಿ ಒಂದನ್ನು ಇಸಿದುಕೊಂಡು ಒಳಗಿಟ್ಟು ಬಂದಳು. "ಈಗ ಕಡಿಮೆ ತಗೊಂಡಿದ್ದೀಯ. ಕಡಿಮೆ ಕೊಡು" ಎಂದಳು. ಹಾಲೆಂಡಿನ ರೈಸ್‌ವೈಕ್‌ನಲ್ಲಿ ಅಕ್ಕಿ, ಬೇಳೆ, ಕೊಬ್ಬರಿ ಮಾರಿಕೊಂಡು ಬದುಕುವ ನನಗೆ ಗಿರಾಕಿಯ ಬಾಯಿ ಮುಚ್ಚಿಸುವ ಇಷ್ಟು ಅಗ್ಗದ ಉಪಾಯ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಮರುದಿನವೇ ನನ್ನ ಅಂಗಡಿಯಲ್ಲಿ ಪ್ರಯೋಗಿಸಿದೆ. ಗಿರಾಕಿ ಕೈಯಲ್ಲಿ ಉಳಿದಿದ್ದ ಚೀಲವನ್ನೂ ಅಲ್ಲೇ ಬಿಟ್ಟು ಹೋದ. ಅದಕ್ಕೆ ಅಲೈಡಾಳ ಮುಖವೇ ಬೇಕು.

ನೂರ್ಡ್‌ವೈಕ್‌ನ ಸಮುದ್ರಕ್ಕೆ ಬೆನ್ನು ಮಾಡಿ ಒಳನಾಡಿನ ಕಡೆ ಹೊರಟರೆ, ರಸ್ತೆಯ ಪಕ್ಕದ ಕಾಲುವೆಯ ಆಚೆ ಆಕೆಯ ಬಾಡಿಗೆ ತುಂಡು ನೆಲ. ಎಪ್ಪತ್ತರ ಹತ್ತಿರದ ಹೆಂಗಸು. ರಬ್ಬರ್ ಬೂಟು, ತಾಯಿಯ ಕಾಲದ ಉಣ್ಣೆ ಅಂಗಿ, ಹಲಗೆ ಕಟ್ಟಿದ ಹಾಗೆ ನೆಟ್ಟಗಿನ ಬೆನ್ನು. ಬೆಳೆಯುವುದು ಡೇರೆ ಹೂ ಒಂದೇ. ನಮ್ಮ ಕನ್ನಡದವರ ಗಣೇಶನ ಹಬ್ಬ ಬರುವ ಹೊತ್ತಿಗೆ ಸರಿಯಾಗಿ ಅವು ಅರಳುತ್ತವೆ. ಹೀಗೆ ನಮ್ಮ ವ್ಯವಹಾರ ಕುದುರಿತು. ಕಾಫಿಗೆ ಕರೆಯುವಷ್ಟು ಸಲುಗೆ ಬೆಳೆಯಲು ಎರಡು ಹಬ್ಬಗಳು ಬೇಕಾದವು. ಕಾಫಿಯ ಜೊತೆ ಒಂದು ಬಿಸ್ಕತ್ತು ಕೊಟ್ಟು ಡಬ್ಬಿಯ ಮುಚ್ಚಳ ಹಾಕುತ್ತಾಳೆ. ಈ ದೇಶದ ಪದ್ಧತಿಯೇ ಅದು. ಆದರೆ ಅಲೈಡಾ ಮುಚ್ಚಳ ಹಾಕುವ ಸದ್ದು ಪಕ್ಕದ ಮನೆಗೆ ಕೇಳಿಸುತ್ತದೆ.

ಇಲ್ಲಿನ ಮನೆಗಳಲ್ಲಿ ನೆಂಟರಿಷ್ಟರ ಹುಟ್ಟುಹಬ್ಬ ಬರೆದಿಟ್ಟ ಕ್ಯಾಲೆಂಡರು ಶೌಚಾಲಯದ ಗೋಡೆಯ ಮೇಲೆ ತೂಗುತ್ತದೆ. ಕೂತಲ್ಲೇ ನೆನಪಾಗಲಿ ಎಂದಿರಬೇಕು. ಅಲೈಡಾಳ ಮನೆಯ ಕ್ಯಾಲೆಂಡರಿನ ಏಪ್ರಿಲ್ ಪುಟದಲ್ಲಿ ಒಂದು ಹೆಸರಿನ ಜಾಗವನ್ನು ಕತ್ತರಿಯಿಂದ ಅಚ್ಚುಕಟ್ಟಾಗಿ ಕತ್ತರಿಸಿ ತೆಗೆದಿದ್ದರು. ಆ ಕಿಂಡಿಯಿಂದ ಮೇ ತಿಂಗಳಲ್ಲಿ ಹುಟ್ಟಿದ ಯಾರೋ ಇಣುಕುತ್ತಿದ್ದರು. ಹೊರಗೆ ಬಂದು, "ಏಪ್ರಿಲ್‌ನಲ್ಲಿ ಯಾರು ತೀರಿಕೊಂಡರು?" ಎಂದು ಕೇಳಿದೆ.

"ಇನ್ನೂ ತೀರಿಕೊಂಡಿಲ್ಲ" ಎಂದಳು. "ನನ್ನ ಗಂಡನಾಗಿದ್ದವನು. ಯೋರಿಸ್."

ಅಲೈಡಾ ಎಂಬ ಹೆಸರು ಆ ಮನೆಯಲ್ಲಿ ತಾಯಿಯಿಂದ ಮಗಳಿಗೆ ಇಳಿದು ಬಂದದ್ದು. ಹಿರಿಯರ ಹೆಸರು ಇಡುವುದು ಇಲ್ಲಿನವರ ಹಳೆಯ ರೂಢಿ, ನಮ್ಮಲ್ಲಿ ಇದ್ದ ಹಾಗೆಯೇ. ಆದರೆ ಈ ಮನೆಯವರು ಹೆಸರಿನ ಜೊತೆ ಸೇಡನ್ನೂ ದಾಟಿಸುತ್ತ ಬಂದವರು. ಮುತ್ತಜ್ಜಿ ಅಲೈಡಾ ಮೀನಿನ ಬುಟ್ಟಿ ಬೆನ್ನಿಗೆ ಕಟ್ಟಿಕೊಂಡು ಮರಳ ದಿಬ್ಬಗಳ ಮೇಲೆ ಲೈಡನ್‌ಗೆ ನಡೆದವಳು. ಗಂಡ ಸಮುದ್ರದಲ್ಲಿ ಹೋದ ಮೇಲೆ ದೋಣಿಯ ಯಜಮಾನ ವಿಧವೆಗೆ ಬರಬೇಕಾದ ಪಾಲು ಕೊಡಲಿಲ್ಲ. ಆಕೆ ಜಗಳವಾಡಲಿಲ್ಲ. ಅವನ ಮಗಳ ಮದುವೆಗೆ ಮೀನು ಒಪ್ಪಿಸುವ ಕೆಲಸ ತಾನೇ ಕೇಳಿ ಪಡೆದಳು. ಬುಟ್ಟಿಯಲ್ಲಿ ಮೇಲಿನ ಸಾಲು ತಾಜಾ ಮೀನು. ಕೆಳಗಿನದ್ದರ ಫಲವಾಗಿ ಮದುಮಕ್ಕಳ ಸಮೇತ ಬೀಗರೆಲ್ಲ ರಾತ್ರಿಯನ್ನು ಹಿತ್ತಲಲ್ಲಿ ಕಳೆದರು.

ಅಜ್ಜಿ ಅಲೈಡಾ ಹೂಗೆಡ್ಡೆಯ ಶೆಡ್ಡಿನಲ್ಲಿ ಸಿಪ್ಪೆ ಸುಲಿಯುತ್ತಿದ್ದಳು. ಮೇಸ್ತ್ರಿಯ ಕೈ ಇರಬಾರದ ಕಡೆ ಬರುತ್ತಿತ್ತು. ಆಕೆ ಒಂದು ಶರತ್ಕಾಲ ಪೂರ್ತಿ, ಯಾರಿಗೂ ಕಾಣದ ಹಾಗೆ, ಬಿಳಿ ಹಯಸಿಂತ್ ಹೂವಿನ ಗೆಡ್ಡೆಯ ಪೆಟ್ಟಿಗೆಗಳಿಗೆ ಒಂದೊಂದು ಹಿಡಿ ನೀಲಿಯದನ್ನು ಸೇರಿಸಿದಳು. ವಸಂತದಲ್ಲಿ ಇಂಗ್ಲೆಂಡಿನ ದೊಡ್ಡವರ ತೋಟಗಳಲ್ಲಿ ಬಿಳಿ ಪಾತಿಗಳೆಲ್ಲ ಚುಕ್ಕೆ ಚುಕ್ಕೆಯಾಗಿ ಎದ್ದವು. ಮೇಸ್ತ್ರಿ ಕೆಲಸ ಕಳೆದುಕೊಂಡು ಮನೆಗೆ ಹೋದ. ತಾಯಿ ಅಲೈಡಾ, ಎರಡನೆಯ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ ಜನ ಟ್ಯೂಲಿಪ್ ಗೆಡ್ಡೆ ಬೇಯಿಸಿ ತಿನ್ನುತ್ತಿದ್ದಾಗ ಆಲೂಗಡ್ಡೆ ಬಚ್ಚಿಟ್ಟ ನೆರೆಯವನ ಹೆಸರನ್ನು ಮತ್ತೆಂದೂ ಬಾಯಲ್ಲಿ ತರಲಿಲ್ಲ. ಅವನ ಶವಸಂಸ್ಕಾರಕ್ಕೆ ಮಾತ್ರ ತಪ್ಪದೆ ಹೋದಳು, ಕೆಂಪು ಕೋಟು ಹಾಕಿಕೊಂಡು.

ಇವರ ಮೇಲೆ ಇನ್ನಿಬ್ಬರು ಅಲೈಡಾಗಳನ್ನು ಈಕೆ ಇತಿಹಾಸದಿಂದ ಕರೆತಂದು ಮನೆಯವರ ಜೊತೆ ಕೂರಿಸಿದ್ದಳು. ಒಬ್ಬಳು ಹದಿಮೂರನೆಯ ಶತಮಾನದವಳು, ಅಣ್ಣನ ಮಗ ಎಳೆಯನಿದ್ದಾಗ ಅವನ ಪರವಾಗಿ ಹಾಲೆಂಡನ್ನು ಆಳಿದವಳು. ಅವಳನ್ನು ಗಂಡಸೊಬ್ಬ ದಂಡು ತಂದು ಇಳಿಸಿದ. ಇನ್ನೊಬ್ಬಳು ಅದರ ಮುಂದಿನ ಶತಮಾನದಲ್ಲಿ ದೊರೆಯ ಮೆಚ್ಚಿನವಳಾಗಿದ್ದು ಹೇಗ್‌ನಲ್ಲಿ ಕೊಲೆಯಾದವಳು. ಕೊಲೆಗೆ ಕಾರಣರೆನಿಸಿದ ಸರದಾರರ ಕೋಟೆಗಳನ್ನು ದೊರೆ ಮುತ್ತಿದನಂತೆ. "ಅದು ಮರ್ಯಾದೆ" ಎನ್ನುತ್ತಾಳೆ ಅಲೈಡಾ, ಮೊನ್ನೆ ನಡೆದದ್ದರ ಹಾಗೆ. "ಸತ್ತ ಮೇಲೂ ಅವಳ ಹೆಸರಿಗೆ ಒಂದಷ್ಟು ಗೋಡೆಗಳು ಬಿದ್ದವು. ನಮ್ಮ ಹೆಸರಿನವರು ಏಟು ತಿಂದಿದ್ದಾರೆ, ಹಸಿದಿದ್ದಾರೆ. ತಲೆ ತಗ್ಗಿಸಿದವಳು ಮಾತ್ರ ಒಬ್ಬಳೂ ಇಲ್ಲ."

ಯೋರಿಸ್ ಹೂ ಬೆಳೆಯುವ ಮನೆತನದವನು. ಅಪ್ಪನ ಹೊಲ, ಅಪ್ಪನ ಗಾಜಿನಮನೆ, ತನ್ನದು ನಾಲಿಗೆ. ಅಲೈಡಾ ಸಾಲುಗಳ ನಡುವೆ ಬಗ್ಗಿ ಬಗ್ಗಿ ಹೊಸ ತಳಿ ಎಬ್ಬಿಸುತ್ತಿದ್ದಳು. ಅವನು ಚೊಕ್ಕ ಬೂಟು ಹಾಕಿಕೊಂಡು ಮಾರಲು ಹೋಗುತ್ತಿದ್ದ, ಹೋದ ಊರುಗಳಲ್ಲೆಲ್ಲ ಒಂದೊಂದು ಸಂಸಾರಕ್ಕೆ ಮುಂಗಡ ಕೊಟ್ಟು ಬರುತ್ತಿದ್ದ. ಕೊನೆಗೆ ಅಲೈಡಾ ಬಟ್ಟೆಬರೆ ಕಟ್ಟಿಕೊಂಡು ಹೊರಬಿದ್ದಳು. ಹೊಲ ಕೇಳಲಿಲ್ಲ, ಮನೆ ಕೇಳಲಿಲ್ಲ. ಕೇಳಿದ್ದು ಒಂದೇ: ವರ್ಷಾನುಗಟ್ಟಲೆ ಬೀಜ ಕಟ್ಟಿ, ಆಯ್ದು, ಉಳಿಸಿಕೊಂಡು ಬಂದ ಹೊಸ ಡೇರೆ ತಳಿಗಳ ಪರೀಕ್ಷೆಯ ಸಾಲನ್ನು ಹೂ ಮುಗಿದ ಮೇಲೆ ಅಗೆದುಕೊಂಡು ಹೋಗುತ್ತೇನೆ. ಯೋರಿಸ್ ಆಗಲಿ ಎಂದ. ಹೇಳಿದ ದಿನ ತಳ್ಳುಗಾಡಿ ತಳ್ಳಿಕೊಂಡು ಹೋದರೆ ಅಲ್ಲಿ ಉತ್ತ ಮಣ್ಣು. "ಬೇಕಾದ್ದನ್ನ ಒಳಗೆ ತೆಗೆದಿಟ್ಟಿದ್ದೀನಿ, ಉಳಿದದ್ದು ಕಸ" ಎಂದನಂತೆ ಅವನು, ಟ್ರ್ಯಾಕ್ಟರಿಗೆ ಒರಗಿಕೊಂಡು. ಆಕೆ ಖಾಲಿ ಗಾಡಿ ತಳ್ಳಿಕೊಂಡು ಹಿಂದಿರುಗಿದಳು. ಕ್ಯಾಲೆಂಡರಿಗೆ ಕತ್ತರಿ ಬಿದ್ದದ್ದು ಆವತ್ತು.

ಇದೆಲ್ಲ ಆಕೆ ತಾನಾಗಿ ಹೇಳಿದ್ದಲ್ಲ, ಬಿಸ್ಕತ್ತಿನ ಲೆಕ್ಕದಲ್ಲಿ ಒಂದೊಂದಾಗಿ ನಾನು ಬಾಯಿ ಬಿಡಿಸಿದ್ದು. ಒಂದು ವಿಷಯ ಮಾತ್ರ ಆಕೆಗೇ ಗೊತ್ತಿರಲಿಲ್ಲ. ಅದು ಗೊತ್ತಾದದ್ದು ನನ್ನಿಂದ.

ಹೋದ ವರ್ಷ ಹಬ್ಬಕ್ಕೆ ಮುಂಚೆ ಆಲಿಕಲ್ಲು ಬಿದ್ದು ಅಲೈಡಾಳ ಹೂ ಜಜ್ಜಿಹೋದವು. ಬೇರೆ ದಾರಿಯಿಲ್ಲದೆ ಯೋರಿಸ್‌ನ ತೋಟಕ್ಕೆ ಹೋದೆ. ಅಲ್ಲಿತ್ತು ಆ ಹೂ: ಕಡು ನೇರಳೆ, ದಳದ ತುದಿಯಲ್ಲಿ ಬೆಳ್ಳಗಿನ ಅಂಚು, ಇಳಕಲ್ ಸೀರೆಯ ದಡಿಯ ಹಾಗೆ. ಅಷ್ಟು ಚೆಂದದ ಡೇರೆಯನ್ನು ನಾನು ಕಂಡಿರಲಿಲ್ಲ. ಗಾಡಿ ತುಂಬಿಕೊಂಡು ಬಂದೆ. ಪೂಜೆಯ ಮರುದಿನ ಬೆಳಿಗ್ಗೆ ಫೋನ್ ಬಂತು. ಕನ್ನಡ ಬಳಗದ ಹಬ್ಬದ ಉಸ್ತುವಾರಿ ಸರಳಾ ಅವರದು. ಬೆಂಗಳೂರಿನವರು, ಕಂಪ್ಯೂಟರ್ ಕೆಲಸ, ದೂರು ಕೊಡುವುದರಲ್ಲಿ ಪಳಗಿದವರು.

"ಸಿದ್ದಣ್ಣ ಅವ್ರೇ, ಏನ್ರೀ ಹೂ ಕೊಟ್ಟಿದೀರ? ಎಲ್ಲಾ ಕತ್ತು ಬೀಳಿಸ್ಕೊಂಡು ನಿಂತಿವೆ. ಗಣೇಶನ ಮುಂದೆ ಶ್ರದ್ಧಾಂಜಲಿ ಸಭೆ ಥರ ಕಾಣ್ತಿದೆ."

"ನೀರು ಹಾಕಿದ್ರಾ ಮೇಡಂ?"

"ನೀರು, ಸಕ್ಕರೆ, ಆಸ್ಪಿರಿನ್ನು ಎಲ್ಲಾ ಹಾಕಿದ್ವಿ. ಇನ್ನು ಐಸಿಯುಗೆ ಸೇರಿಸೋದೊಂದು ಬಾಕಿ."

ಯೋರಿಸ್‌ನ ಬಳಿ ಹೋಗಿ ಹೇಳಿದೆ. ಅವನು ನನ್ನ ಭುಜ ತಟ್ಟಿ, "ಅದು ನಿಮ್ಮ ಊದುಬತ್ತಿಯ ಹೊಗೆ. ಯುರೋಪಿನ ಹೂವಿಗೆ ಅದು ಆಗಿಬರುವುದಿಲ್ಲ" ಎಂದ. ಡೇರೆ ಮೆಕ್ಸಿಕೋದಿಂದ ಬಂದ ಹೂ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಭುಜ ತಟ್ಟಿದ್ದನ್ನು ಮಾತ್ರ ನೆನಪಿಟ್ಟುಕೊಂಡೆ.

ಈ ಕಥೆಯನ್ನು ಅಲೈಡಾಗೆ ಹೇಳುತ್ತಿದ್ದಾಗ ಆಕೆ ಕಪ್ಪನ್ನು ಅರ್ಧಕ್ಕೆ ಹಿಡಿದು ನಿಂತಳು. "ಬಣ್ಣ ಹೇಳು" ಎಂದಳು. ಹೇಳಿದೆ. "ಅಂಚು?" ಬಿಳಿ ಎಂದೆ. ಸೈಕಲ್ ಹತ್ತಿ ಹೊರಟೇಬಿಟ್ಟಳು, ನನ್ನನ್ನು ಅಡುಗೆಮನೆಯಲ್ಲೇ ಬಿಟ್ಟು. ಹಿಂದಿರುಗಿದಾಗ ಕೆನ್ನೆ ಕೆಂಪಾಗಿತ್ತು. ಕುರ್ಚಿಯಲ್ಲಿ ಕೂತು, ಬಾಗಿಲಿನ ಚೌಕಟ್ಟು ನೋಡುತ್ತ, ನಗತೊಡಗಿದಳು.

"ಸಾಲಿನಲ್ಲಿ ಬಿಸಾಡಬೇಕಾದ ಗಿಡಕ್ಕೆ ನಾನು ಕೆಂಪು ಉಣ್ಣೆ ನೂಲು ಕಟ್ಟುತ್ತಿದ್ದೆ. ಒಳ್ಳೆಯದಕ್ಕೆ ಏನೂ ಕಟ್ಟುತ್ತಿರಲಿಲ್ಲ. ಆ ಮನುಷ್ಯ ಜನ್ಮದಲ್ಲಿ ಸಾಲಿಗೆ ಇಳಿದವನಲ್ಲ. ನೂಲು ಕಟ್ಟಿದ್ದೇ ಒಳ್ಳೆಯದು ಅಂದುಕೊಂಡು ಅವನ್ನಷ್ಟೇ ಎತ್ತಿಟ್ಟುಕೊಂಡಿದ್ದಾನೆ. ಈಗ ಅದರಲ್ಲೊಂದನ್ನ ಹೊಲ ತುಂಬ ಮಾಡಿದ್ದಾನೆ. ಗಿಡದ ಮೇಲಿರೋವರೆಗೂ ಅದು ರಾಣಿ. ಕೊಯ್ದ ಎರಡನೇ ದಿನಕ್ಕೆ ಕತ್ತು ನಿಲ್ಲುವುದಿಲ್ಲ."

"ಅವನಿಗೆ ಹೇಳ್ತೀರಾ?"

"ಯಾಕೆ?" ನಿಜವಾಗಿಯೂ ಅರ್ಥವಾಗದವಳಂತೆ ನನ್ನ ಮುಖ ನೋಡಿದಳು. "ಸಾಕಲಿ. ಇನ್ನೊಂದು ಹೊಲ ಗುತ್ತಿಗೆಗೆ ತಗೊಳ್ಳಲಿ. ಅವನು ಎತ್ತರಕ್ಕೆ ಹತ್ತುವಾಗ ನಾನು ಏಣಿ ಹಿಡಿದುಕೊಳ್ಳುತ್ತೇನೆ."

ಚಳಿಗಾಲವಿಡೀ ಆಕೆ ಗೆಲುವಾಗಿದ್ದಳು. ವಸಂತ ಬಂತು, ಯೋರಿಸ್ ಎರಡು ಹೊಲ ಗುತ್ತಿಗೆಗೆ ಪಡೆದ, ಆಕೆ ಇನ್ನಷ್ಟು ಗೆಲುವಾದಳು. ಆಮೇಲೆ ಜೂನಿನ ಒಂದು ಬೆಳಿಗ್ಗೆ ಊರಿನ ವಾರಪತ್ರಿಕೆ ಬಂತು. ಅದರಲ್ಲಿ ಯೋರಿಸ್‌ನ ನಗುಮುಖ. ಹೊಸ ಹೂವಿಗೆ ಆಗಸ್ಟಿನಲ್ಲಿ ನಾಮಕರಣ, ಹೆಸರು 'ಅಲೈಡಾ'. ಹಾಲೆಂಡಿನ ಮಧ್ಯಯುಗದ ಅಲೈಡಾಗಳಿಗೂ, ಈ ಮಣ್ಣಿನಲ್ಲಿ ದುಡಿದ ಎಲ್ಲ ಅಲೈಡಾಗಳಿಗೂ ಅವನ ಗೌರವವಂತೆ. ವೇಷ ಹಾಕಿಸಿ ಒಬ್ಬಳನ್ನು ಕುದುರೆಗಾಡಿಯಲ್ಲಿ ತರಿಸುತ್ತಾನಂತೆ. ಹೂವಿಗಿಂತ ಅದರ ಕಥೆ ಬೇಗ ಮಾರಾಟವಾಗುತ್ತದೆ ಎಂಬುದು ಅವನಿಗೆ ಗೊತ್ತು. ಅಷ್ಟರ ಮಟ್ಟಿಗೆ ಅವನು ನನ್ನ ಕಸುಬಿನವನೇ.

ನಾನು ಹೋದಾಗ ಅಲೈಡಾ ಪತ್ರಿಕೆಯನ್ನು ಮೇಜಿಗೆ ಚಾಕು ಚುಚ್ಚಿ ನಿಲ್ಲಿಸಿದ್ದಳು. ನನ್ನ ಜೊತೆ ಅವ್ವನೂ ಬಂದಿದ್ದಳು. ಗದಗಿನಿಂದ ಮೂರು ತಿಂಗಳ ವೀಸಾದ ಮೇಲೆ ಬಂದು, ರೈಸ್‌ವೈಕ್‌ನ ಮನೆಯಲ್ಲಿ ಕೂತು ಕೂತು ಬೇಸತ್ತು, "ಹೂವಿನ ಮುದುಕಿನ್ನಾರ ತೋರಿಸು" ಎಂದು ಗಾಡಿ ಹತ್ತಿದ್ದಳು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ನಡುವೆ ನಾನು ದುಭಾಷಿ.

"ಒಮ್ಮೆ ನೋಂದಾಯಿಸಿದ ಹೆಸರು ಆ ಹೂವಿಗೆ ಅಂಟಿಕೊಂಡ ಹಾಗೆಯೇ" ಎಂದಳು ಅಲೈಡಾ. "ನಾಳೆ ಜನ ಏನಂತಾರೆ? ಅಲೈಡಾ? ಆ ಕತ್ತಿಲ್ಲದ್ದಾ? ಕೆಂಪು ಕೋಟು ಹಾಕಿಕೊಂಡು ಹೋದ ನನ್ನ ತಾಯಿಯ ಹೆಸರು."

"ಹಾಗಾದರೆ ಹೂವಿನ ದೋಷ ಹೇಳಿಬಿಡಿ. ಹೆಸರು ಉಳಿಯುತ್ತೆ."

"ಹೇಳಿದರೆ ಅವನೂ ಉಳಿಯುತ್ತಾನೆ."

ಗಂಟು ಅಲ್ಲಿತ್ತು. ಬಾಯಿ ಬಿಟ್ಟರೆ ಯೋರಿಸ್ ಪಾರು, ಮುಚ್ಚಿದರೆ ಅಲೈಡಾಗಳ ಹೆಸರು ಮಣ್ಣು. ಹೆಸರು ಬೇಡ ಎಂದು ಜಗಳ ತೆಗೆದರೆ ಅವನಿಗೆ ಅದೇ ಬೇಕಾದ ಸುದ್ದಿ. ಅವ್ವ ನನ್ನ ತೋಳು ಜಗ್ಗಿ, "ಏನಂತ? ನನಗೂ ಹೇಳು" ಎಂದಳು. ಹೇಳಿದೆ. ಕೇಳಿ, ಬಿಸ್ಕತ್ತನ್ನು ಕಾಫಿಯಲ್ಲಿ ಅದ್ದುತ್ತ ಹೇಳಿದಳು:

"ಅಕಿಗೆ ನಿನ್ನ ಮಗಳು ಹಿತಾನ ಕಥಿ ಹೇಳು. ತೊಟ್ಟಿಲದಾಗ ಹಾಕಿದಾಗ ಕೂಸಿಗೆ ನನ್ನ ಹೆಸರs ಇಟ್ಟಿದ್ರಲ್ಲ, ಗುರುಬಸವ್ವ ಅಂತ. ನನ್ನ ಹೆಸರು ಅಂದ ಮ್ಯಾಲ ಕೂಸು ನಂದs ಅಂದೆ ನಾ. ಎಣ್ಣಿ ನಾನs ಹಚ್ಚಾಕಿ, ನನ್ನ ಹಾಸಿಗ್ಯಾಗs ಮಲಗಬೇಕು, ಅದಕ್ಕ ಬೈದ್ರ ನನಗ ಬೈದಂಗ. ನಿನ್ನ ಹೇಂತಿ ಎಷ್ಟು ದಿನಾ ತಾಳ್ಕೊಂಡ್ಲು? ವರ್ಷ ತುಂಬೂದ್ರಾಗ ಹಿತಾ ಅಂತ ಹೆಸರು ಹುಡುಕಿ ತಂದ್ಲು. ಈಗ ಸಿಟ್ಟು ಬಂದಾಗಷ್ಟ 'ಏ ಗುರುಬಸವ್ವಾ' ಅಂತ ಒದರ್ತಾಳ, ನಾ ಒಳಗ ಇದ್ದಾಗ."

"ಅವ್ವಾ, ಅದನ್ನೆಲ್ಲ ಇಲ್ಲಿ ಯಾಕ?"

"ಹೇಳಲೇ. ದುಡ್ಡು ಹೋಗ್ತದೇನು?"

ಹೇಳಿದೆ, ಕೊನೆಯ ಸಾಲೊಂದನ್ನು ಬಿಟ್ಟು. ಅಲೈಡಾ ಎದ್ದು, ಡಬ್ಬಿ ತೆರೆದು, ಅವ್ವನ ತಟ್ಟೆಗೆ ಎರಡನೆಯ ಬಿಸ್ಕತ್ತು ಇಟ್ಟಳು. ನನಗೆ ಇಡಲಿಲ್ಲ.

"ಹೆಸರು ನಂದು ಅಂದ ಮೇಲೆ ಹೂವೂ ನಂದು" ಎಂದಳು. "ಹೋಗಿ ತೊಡೆಯ ಮೇಲೆ ಕೂರಿಸಿಕೊಳ್ತೀನಿ."

ಯೋರಿಸ್‌ನ ತೋಟದಲ್ಲಿ ಊರವರಿಗೆಲ್ಲ ಬಾಗಿಲು ತೆರೆದಿಡುವ ದಿನ ಬಂತು. ಅಲೈಡಾ ಭಾನುವಾರದ ಉಡುಪು ತೊಟ್ಟು, ಕೈಯಲ್ಲಿ ದೊಡ್ಡ ಕೇಕು ಹಿಡಿದು, ಜನರ ನಡುವೆ ನೇರ ಅವನ ಮುಂದೆ ಹೋಗಿ ನಿಂತಳು. ವಾರಪತ್ರಿಕೆಯ ಹುಡುಗಿ ಪಕ್ಕದಲ್ಲೇ ಇದ್ದಳು. "ಯೋರಿಸ್, ಥ್ಯಾಂಕ್ಸ್. ಈ ಹೂವನ್ನ ನಾನು ಮಾಡಿದ್ದು ಅಂತ ಕೊನೆಗೂ ಒಪ್ಪಿಕೊಂಡೆಯಲ್ಲ, ಹೆಸರನ್ನೂ ನನ್ನದೇ ಇಟ್ಟು. ನಿನ್ನ ಬಗ್ಗೆ ನಾನು ತಪ್ಪು ತಿಳಿದಿದ್ದೆ" ಎಂದಳು. ಜನ ಚಪ್ಪಾಳೆ ತಟ್ಟಿದರು. ನಾನು ಯೋರಿಸ್‌ನ ಮುಖ ಕೆಡುವುದನ್ನು ಕಾಯುತ್ತಿದ್ದೆ. ಕೆಡಲಿಲ್ಲ. ಅವನು ಅವಳನ್ನು ಅಪ್ಪಿಕೊಂಡು, ಇಲ್ಲಿನ ರೂಢಿಯಂತೆ ಕೆನ್ನೆಗೆ ಮೂರು ಮುತ್ತು ಕೊಟ್ಟು, "ಖಂಡಿತ, ಇಬ್ಬರೂ ಸೇರಿಯೇ ಅಲ್ಲವೇ" ಎಂದ. ಫೋಟೋ ತೆಗೆಸಿದ. ಕೇಕನ್ನೂ ಅವನೇ ಕತ್ತರಿಸಿದ.

ಗಾಡಿಯಲ್ಲಿ ಹಿಂದಿರುಗುವಾಗ ಅಲೈಡಾ ಕೆನ್ನೆಯನ್ನು ಕರವಸ್ತ್ರದಿಂದ ಉಜ್ಜಿ ಉಜ್ಜಿ ಕೆಂಪು ಮಾಡಿಕೊಂಡಳು. ಹಿಂದಿನ ಸೀಟಿನಿಂದ ಅವ್ವ, "ಏನಾತು?" ಎಂದಳು.

"ಅವನು ಒಪ್ಪಿಬಿಟ್ಟ ಅವ್ವಾ."

"ಒಂದs ದಿನಕ್ಕ ಬಿಟ್ರ ಹೆಂಗ? ನಾ ತಿಂಗಳಗಟ್ಟಲೆ ಕಾಡೀನಿ. ದಿನಾ ಹೋಗು ಅನ್ನು."

ದಿನಾ ಹೋಗಲಿಲ್ಲ, ಫೋನ್ ಮಾಡಿದಳು. ಬೆಳಗಿನ ಕಾಫಿಗೆ ಮುಂಚೆ. ನಾಮಕರಣದ ದಿನ ಶಾಂಪೇನ್ ಹೂವಿನ ಮೇಲೆ ಸುರಿಯುವವಳು ನಾನೇ ಆಗಬೇಕು. ಭಾಷಣವೂ ನನ್ನದೇ. ಗೊಬ್ಬರ ಅಷ್ಟು ಹಾಕಬೇಡ, ನನ್ನ ಹೂವಿಗೆ ಆಗುವುದಿಲ್ಲ. ಚೀಟಿಯ ಮೇಲೆ ನನ್ನ ಚಿತ್ರ ಬೇಕು, ನಿನ್ನದು ಬೇಡ, ಗಿರಾಕಿಗೆ ಗೊಂದಲವಾಗುತ್ತದೆ. ಪತ್ರಿಕೆಯ ಹುಡುಗಿ ಅಲೈಡಾಳ ಮನೆಗೆ ಹೋಗಿ ಪುಟ ತುಂಬ ಬರೆದಳು. ಅದರಲ್ಲಿ ಯೋರಿಸ್ ಒಂದು ಕಡೆ ಬರುತ್ತಿದ್ದ, 'ಜಮೀನಿನ ಮಾಲೀಕ' ಎಂದು. ಹೂವಿನ ಸಗಟು ವ್ಯಾಪಾರಿಗಳು ಅವನ ತೋಟಕ್ಕೆ ಬಂದು, "ಆ ಹೆಂಗಸು ಎಲ್ಲಿ? ಅವಳೊಂದಿಗೆ ಮಾತಾಡಬೇಕು" ಎನ್ನತೊಡಗಿದರು. ಇಲ್ಲಿನವರಿಗೆ ತಮ್ಮನ್ನು ತಾವು ಹೊಗಳಿಕೊಳ್ಳುವವರನ್ನು ಕಂಡರಾಗದು. ಆದರೆ ಬೇರೆಯವರು ತಮ್ಮನ್ನು ಹೊಗಳದಿದ್ದರೆ ಅದಕ್ಕಿಂತಲೂ ಆಗದು.

ನಾಮಕರಣಕ್ಕೆ ಕೆಲವೇ ದಿನ ಉಳಿದಾಗ ನಾನು ಹಬ್ಬದ ಹೂವಿನ ಮಾತಾಡುವ ನೆಪದಲ್ಲಿ ಯೋರಿಸ್‌ನ ಶೆಡ್ಡಿಗೆ ಹೋದೆ. ಊದುಬತ್ತಿಯ ಬಾಕಿ ತೀರಿಸುವುದಿತ್ತು.

"ಅಲೈಡಾ ಮಾಡಿದ ಹೂ ಬೇಕಿತ್ತು" ಎಂದೆ.

"ನಮ್ಮ ಹೂ" ಎಂದ.

"ಅದೇ, ಅಲೈಡಾ ಅವರದು. ಒಂದು ಸಣ್ಣ ವಿಷಯ. ನಮ್ಮ ಜನಕ್ಕೆ ಮಾಡಿದವರ ಕೈಗುಣದ ಮೇಲೆ ನಂಬಿಕೆ ಜಾಸ್ತಿ. ಬಕೆಟ್ಟಿಗೊಂದು ಚೀಟಿ ಅವರ ಸಹಿ ಹಾಕಿಸಿ ಕೊಟ್ಟರೆ ಅನುಕೂಲ."

ಅವನ ಕತ್ತು ಕೆಳಗಿನಿಂದ ಮೇಲಕ್ಕೆ ಕೆಂಪಾಗುತ್ತ ಬಂತು. "ಈ ಹೂವನ್ನ ಮಾಡಿದ್ದು ನಾನು. ನನ್ನ ಮಣ್ಣು. ನನ್ನ ಗಾಜಿನಮನೆ. ನಾನೇ ಆಯ್ದಿದ್ದು, ನನ್ನ ಕೈಯಿಂದ."

"ಹೌದಾ?" ಎಂದೆ, ತೊಗರಿಬೇಳೆಯಲ್ಲಿ ಕಲ್ಲು ತೋರಿಸಿದ ಗಿರಾಕಿಯ ಮುಂದೆ ನಿಂತಾಗಿನ ಮುಖ ಮಾಡಿಕೊಂಡು. "ಮತ್ತೆ ಹೆಸರು ಅವರದು ಯಾಕಿದೆ? ನಮ್ಮ ಕಡೆ ಮಗುವಿಗೆ ಅಪ್ಪನ ಹೆಸರು ಹಿಂದೆ ಬರದಿದ್ದರೆ ಜನ ಏನೇನೋ ಆಡಿಕೊಳ್ತಾರೆ."

ಅವನು ಈ ಸಲ ಭುಜ ತಟ್ಟಲಿಲ್ಲ.

ಸಮುದ್ರದ ದಂಡೆಯ ಹೋಟೆಲೊಂದರಲ್ಲಿ ನಾಮಕರಣ. ಇಲ್ಲಿ ಹೊಸ ಹೂವಿಗೆ ಹೆಸರಿಡುವುದನ್ನು ಮಗುವಿಗೆ ಮಾಡಿದ ಹಾಗೇ ಮಾಡುತ್ತಾರೆ. ತೀರ್ಥದ ಬದಲು ಶಾಂಪೇನ್. ಅಲೈಡಾ ಎರಡನೆಯ ಸಾಲಿನಲ್ಲಿ ಟೋಪಿ ಹಾಕಿಕೊಂಡು ಕೂತಿದ್ದಳು. ಆಕೆಯ ಒಂದು ಪಕ್ಕ ನಾನು, ಇನ್ನೊಂದು ಪಕ್ಕ ಅವ್ವ, ಕಸೂತಿ ಸೀರೆಯ ಮೇಲೆ ನನ್ನ ಹೆಂಡತಿ ವೈಷ್ಣವಿಯ ಕೋಟು. ಆ ಸಂಜೆ ಅಲೈಡಾಳಿಗೆ ಭಾಷಣಕ್ಕೆ ಅವಕಾಶ ಕೊಟ್ಟಿರಲಿಲ್ಲ. ಶಾಂಪೇನ್ ಬಾಟಲಿ ಯೋರಿಸ್‌ನ ಕೈಯಲ್ಲೇ ಇತ್ತು. ಕುದುರೆಗಾಡಿಯ ವೇಷದವಳೂ ಬಂದಿರಲಿಲ್ಲ. ಆದರೂ ಅವನು ಹೆಸರು ಬದಲಿಸಿದ್ದಾನೆಂಬ ಖಾತ್ರಿಯಿರಲಿಲ್ಲ. ಅವನು ಬಾಟಲಿ ಎತ್ತಿದಾಗ ಅಲೈಡಾ ನನ್ನ ಮಣಿಕಟ್ಟು ಹಿಡಿದಳು. ಬಗ್ಗಿ ಬಗ್ಗಿ ಮಣ್ಣು ಕೆದರಿದ ಬೆರಳುಗಳು. ನನ್ನ ಗಡಿಯಾರದ ಪಟ್ಟಿ ಚರ್ಮಕ್ಕೆ ಒತ್ತಿ ನೋಯತೊಡಗಿತು.

"ಈ ತೋಟದಲ್ಲಿ ಹುಟ್ಟಿದ, ನನ್ನ ಜೀವಮಾನದ ಶ್ರಮದ ಈ ಹೂವಿಗೆ" ಎಂದ ಯೋರಿಸ್, ನಮ್ಮ ಸಾಲಿನ ಕಡೆಗೇ ನೋಡುತ್ತ, "ನಾನು ಇಡುತ್ತಿರುವ ಹೆಸರು, 'ಯೋರಿಸನ ಹೆಮ್ಮೆ'."

ಶಾಂಪೇನ್ ಸುರಿಯಿತು. ನನ್ನ ಮಣಿಕಟ್ಟು ಬಿಡುಗಡೆಯಾಯಿತು. ಯೋರಿಸ್ ಅಲೈಡಾಳ ಮುಖದಲ್ಲಿ ತಾನು ಹೊಡೆದ ಏಟು ಎಷ್ಟು ಆಳಕ್ಕೆ ಇಳಿಯಿತೆಂದು ಹುಡುಕುತ್ತಿದ್ದ. ಆಕೆ ಅವನನ್ನು ನಿರಾಸೆಗೊಳಿಸಲಿಲ್ಲ. ಕೈಚೀಲದಿಂದ ಕರವಸ್ತ್ರ ತೆಗೆದು ಕಣ್ಣಿಗೆ ಒತ್ತಿಕೊಂಡಳು.

"ಅಳಾಕತ್ತಾಳೇನೋ?" ಎಂದಳು ಅವ್ವ.

"ಇಲ್ಲ ಅವ್ವಾ."

"ಹಂಗಾರ ನಾನೂ ಒರಸ್ಕೊಂತೀನಿ, ತಡಿ" ಎಂದು ಸೆರಗು ಹುಡುಕಿದಳು. ಕೋಟಿನ ಒಳಗೆ ಸೆರಗು ಸಿಗಲಿಲ್ಲ. ಕೋಟಿನ ತೋಳನ್ನೇ ಬಳಸಿದಳು.

ಮುಂದಿನದನ್ನು ಹೂ ತಾನೇ ಮಾಡಿತು. ಮದುವೆಯ ಹಾಲ್‌ಗಳಿಗೆ, ಹೋಟೆಲುಗಳಿಗೆ, ಬಾಡ್‌ಹೂವೆಡಾರ್ಪ್‌ನ ಹೂವಿನಂಗಡಿಗಳಿಗೆ, ಜರ್ಮನಿಗೆ, ಎಲ್ಲ ಕಡೆಗೂ 'ಯೋರಿಸನ ಹೆಮ್ಮೆ' ಹೋಯಿತು. ಮೊದಲ ದಿನ ಫೋಟೋಗಳು ಬಂದವು. ಎರಡನೆಯ ದಿನವೂ ಫೋಟೋಗಳು ಬಂದವು, ಬೇರೆ ತರಹದವು. ನಾಮಕರಣ ನಡೆದ ಹೋಟೆಲಿನಲ್ಲೇ ಬೆಳಗಿನ ತಿಂಡಿಗೆ ಇಳಿದವರು, ಮೇಜಿನ ಮೇಲೆ ಸಾಲಾಗಿ ತಲೆ ಇಳಿಬಿಟ್ಟ ಹೂಗಳನ್ನು ಕಂಡು, ಇಲ್ಲಿ ಯಾರು ತೀರಿಕೊಂಡರು ಎಂದು ವಿಚಾರಿಸಿದರಂತೆ. ವಾರ ಕಳೆಯುವಷ್ಟರಲ್ಲಿ ಹೂವಿನ ಮಾರುಕಟ್ಟೆಯಲ್ಲಿ ಅದೊಂದು ತಮಾಷೆಯಾಯಿತು. ತೂಕಡಿಸುವ ಕೆಲಸದವನನ್ನು ಕಂಡರೆ, "ಏನು, ಯೋರಿಸನ ಹೆಮ್ಮೆಯಾ?" ಎನ್ನತೊಡಗಿದರು. ಗುತ್ತಿಗೆಯ ಹೊಲಗಳಲ್ಲಿ ಮಾತ್ರ ಅದು ರಾಣಿಯಂತೆ ಅರಳಿ ನಿಂತಿತ್ತು. ಕೊಯ್ಯುವವರಿಲ್ಲ.

ಸರಳಾ ಅವರಿಗಾಗಿ ಅಲೈಡಾಳ ಹೂ ತುಂಬಿಸಿಕೊಳ್ಳುತ್ತಿದ್ದ ದಿನ ಯೋರಿಸ್ ಬಂದ. ಚೊಕ್ಕ ಬೂಟಿಗೆ ಮಣ್ಣು ಹತ್ತಿತ್ತು, ಬಹುಶಃ ಮೊದಲ ಸಲ. ನನ್ನ ಕಡೆ ನೋಡಲಿಲ್ಲ.

"ಅಲೈಡಾ, ಅದರ ಕತ್ತಿಗೆ ಏನಾದರೂ ಮಾಡಬಹುದಾ? ನಿನಗೆ ಗೊತ್ತಿರುತ್ತೆ."

"ಆಗಲ್ಲ. ಅದು ಹುಟ್ಟಿದ್ದೇ ಹಾಗೆ."

"ನಿನಗೆ ಮೊದಲೇ ಗೊತ್ತಿತ್ತು."

"ಕೆಂಪು ನೂಲು ಕಟ್ಟಿದವಳು ನಾನಲ್ಲವೇ? ಬಿಸಾಡುವುದಕ್ಕೆ ಕಟ್ಟುತ್ತಿದ್ದೆ."

ತಾನು ಎತ್ತಿಟ್ಟುಕೊಂಡದ್ದು ಯಾವುದು, ಟ್ರ್ಯಾಕ್ಟರಿನ ಕೆಳಗೆ ಹಾಕಿದ್ದು ಯಾವುದು ಎಂಬುದು ಅವನ ಮುಖದೊಳಗೆ ನಿಧಾನವಾಗಿ ಇಳಿಯುವುದನ್ನು ನಾವಿಬ್ಬರೂ ನೋಡಿದೆವು. ಅಲೈಡಾ ಅವಸರ ಮಾಡಲಿಲ್ಲ. ಆ ಹೊತ್ತನ್ನು ಆಕೆ ಸವಿದಳು ಎಂದು ಹೇಳಲು ನನಗೇನೂ ಸಂಕೋಚವಿಲ್ಲ.

"ಒಂದು ಮಾತು ಹೇಳಬಹುದಿತ್ತು" ಎಂದ.

"ನನ್ನ ಸಾಲು ನನಗೆ ಬಿಡಬಹುದಿತ್ತು."

"ಈಗಲೂ ಒಂದು ದಾರಿ ಇದೆ" ಎಂದ ಅವನು, ದನಿ ತಗ್ಗಿಸಿ. ಮಾರುವವನ ನಾಲಿಗೆ ಮತ್ತೆ ಎಚ್ಚರವಾಗಿತ್ತು. "ವಾಪಸ್ ಬಾ. ತೋಟದಲ್ಲಿ ಜಾಗ ಕೊಡ್ತೀನಿ. ಹೊಸದೊಂದು ತಳಿ ಮಾಡು. ಅದಕ್ಕೆ ನಿನ್ನ ಹೆಸರೇ ಇಡೋಣ. ಈ ಸಲ ನಿಜವಾಗಿ. ಏನಂತೀಯ ಅಲೈಡಾ?"

ಆಕೆ ಕೈಯಲ್ಲಿದ್ದ ಬಕೆಟ್ಟನ್ನು ಕೆಳಗಿಟ್ಟಳು.

"ಆ ಹೆಸರನ್ನ ಇನ್ನು ಮೇಲೆ ನೀವು ಬಳಸುವ ಹಾಗಿಲ್ಲ" ಎಂದಳು. ನಲವತ್ತು ವರ್ಷ ಸಂಸಾರ ಮಾಡಿದ ಗಂಡಸಿಗೆ ಬಹುವಚನ. "ಹೂವಿಗೂ ಇಲ್ಲ, ನನಗೂ ಇಲ್ಲ. ಪರಿಚಯವಿಲ್ಲದ ಹೆಂಗಸನ್ನ ಇಲ್ಲಿ ಹೇಗೆ ಕರೀತಾರೆ ಗೊತ್ತಲ್ಲ?"

ಯೋರಿಸ್ ಒಮ್ಮೆ ನನ್ನ ಕಡೆ ನೋಡಿದ. ನಾನು ಹೂ ಎಣಿಸುವುದರಲ್ಲಿ ಮುಳುಗಿದ್ದೆ.

"ಕೇಳಿಸಲಿಲ್ಲ" ಎಂದಳು ಆಕೆ.

"ಮೆವ್ರೌ" ಎಂದ ಅವನು. ಅಮ್ಮಾವ್ರೇ, ಎಂದ ಹಾಗೆ.

"ನಮಸ್ಕಾರ. ಗಿರಾಕಿ ಕಾಯ್ತಿದ್ದಾರೆ."

ಅವನ ಕಾರು ಕಾಲುವೆಯ ಆಚೆಯ ತಿರುವಿನಲ್ಲಿ ಮರೆಯಾಗುವವರೆಗೆ ಆಕೆ ಅತ್ತ ನೋಡಲಿಲ್ಲ. ಬಕೆಟ್ಟುಗಳನ್ನು ನನ್ನ ಗಾಡಿಗೆ ಏರಿಸಿದಳು, ಒಂದೊಂದು ಹೂವಿನ ಕತ್ತನ್ನೂ ಹೆಬ್ಬೆರಳಿನಿಂದ ಒತ್ತಿ ನೋಡಿ. ಇಷ್ಟೆಲ್ಲ ಕೂಡಿ ಮಾಡಿದ ಮೇಲೆ ಇವತ್ತಾದರೂ ಸ್ವಲ್ಪ ನೋಡಿ ಹಾಕಬಹುದು ಎಂದುಕೊಂಡು, ನಾನು ಸುಮ್ಮನೆ ಗಂಟಲು ಸರಿಪಡಿಸಿಕೊಂಡೆ. ಅಲೈಡಾ ಒಂದು ಬಕೆಟ್ಟಿನ ಹಿಡಿಗೆ ಕೈ ಹಾಕಿ ನನ್ನ ಮುಖ ನೋಡಿದಳು. ನಾನು ಆಕೆ ಕೇಳಿದಷ್ಟು ಕೊಟ್ಟು ಗಾಡಿ ಹತ್ತಿದೆ.